ಆಲ್ದೂರಿನ ಶೆಡ್ಡಿನಲ್ಲಿ ಮಾರುತಿ 800: ಉಜ್ಜಿದ್ದು, ಪ್ರೈಮರ್ ಹೊಡೆದದ್ದು

ಎಡಗಡೆ ಬಾಗಿಲಿನ ಕೆಳಗಿನ ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತ್ತು. ಕಡಲೆಕಾಳಿನಷ್ಟು. ದೀಪಾವಳಿಗೆ ಗಾಡಿ ತೊಳೆಯುವಾಗ ಕಣ್ಣಿಗೆ ಬಿತ್ತು. ಸಂಕ್ರಾಂತಿ ಹೊತ್ತಿಗೆ ಅದು ಅಂಗೈ ಅಗಲ ಆಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಸುಮ್ನೆ ಒತ್ತಿ ನೋಡಿದೆ. ತುದಿ ಸೀದಾ ಒಳಗೆ ಹೋಯಿತು.

ಇದು ಅಪ್ಪನ ಕಾರು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ತೋಟಗಳು ಸುಟ್ಟುಹೋದವು. ಇಲ್ಲಿ ನಮ್ಮ ಕಾಫಿಗೆ ಬೆಲೆ ಬಂತು. ಮರುವರ್ಷ ಅಪ್ಪ ಈ ಬಿಳಿ ಮಾರುತಿ 800 ತಂದರು. ನಾನು ಓಡಿಸಲು ಕಲಿತದ್ದು ಇದರಲ್ಲೇ, ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರದ ನಮ್ಮ ತೋಟದ ಕಣದ ಸುತ್ತ. ಕಂಪನಿ 2014ರ ಜನವರಿಯಲ್ಲಿ ಈ ಮಾಡೆಲ್ ತಯಾರಿಸುವುದನ್ನೇ ನಿಲ್ಲಿಸಿತು. ಹಾಗಾಗಿ ಇರುವ ತಗಡನ್ನು ಉಳಿಸಿಕೊಳ್ಳಬೇಕು ಅನ್ನೋದು ನನ್ನ ಆಸೆ.

ಆರು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಪೂರ್ತಿ ಬಣ್ಣ ಹೊಡೆಸಿದ್ದೆವು. ಹೊಸತರಲ್ಲಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲ ಅಂಚು, ವೈಪರ್ ಕೆಳಗೆ, ಹಿಂದಿನ ಚಕ್ರದ ಕಮಾನು ಎಲ್ಲ ಕಡೆ ಗುಳ್ಳೆ. ಈ ಸಲ ನಾನೇ ಮಾಡೋಣ ಅಂತ ತೀರ್ಮಾನ ಮಾಡಿದೆ. ಬಣ್ಣ ಹೇಗೆ ಹೊಡೆಯೋದು ಅಂತ ಹೇಳುವವರು ಬಹಳ ಜನ ಇದ್ದಾರೆ. ಬಣ್ಣದ ಕೆಳಗೆ ಏನು ನಡೆಯಬೇಕು, ಅದೂ ನಮ್ಮ ಮಲೆನಾಡಿನ ಹವೆಯಲ್ಲಿ, ಅದನ್ನು ಹೇಳುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿ ಮೊದಲ ವಾರ

ಕಾಫಿ ಕೊಯ್ಲು ಮುಗಿದು ಶೆಡ್ಡು ಖಾಲಿ ಆಗಿತ್ತು. ಗೋಣಿಚೀಲ ಎಲ್ಲ ಹೊರಗೆ ಹಾಕಿದೆ. ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಪದರ, ಹಸಿ ಇರುವಾಗ ಗೋಣಿನಾರು ಹಾರಿ ಬಂದು ಕೂತರೆ ಕೂದಲು ಅಂಟಿದ ಹಾಗೆ ಕಾಣುತ್ತದೆ. ಮೂಲೆ ಮೂಲೆಯ ಕಾಫಿ ಸಿಪ್ಪೆ ಗುಡಿಸಲು ಒಂದು ದಿನವೇ ಹಿಡಿಯಿತು.

ಬಂಪರ್, ಲೈಟು, ಕನ್ನಡಿ, ಬಾಗಿಲ ಹಿಡಿ, ಅಂಚಿನ ರಬ್ಬರ್ ಬೀಡಿಂಗ್ ಎಲ್ಲ ಬಿಚ್ಚಿದೆ. ಬಿಚ್ಚದೆ ಟೇಪ್ ಸುತ್ತಿ ಹೊಡೆಯುವುದುಂಟು. ಆದರೆ ನೀರು ನಿಲ್ಲೋದು ಆ ರಬ್ಬರಿನ ಕೆಳಗೇ. ಹಿಂದಿನ ಸಲ ಅದನ್ನು ಎತ್ತಿಯೇ ಇರಲಿಲ್ಲ. ರಬ್ಬರ್ ಎತ್ತಿದಾಗ ಕೆಳಗೆ ತುಕ್ಕಿನ ಗೆರೆ ಸಿಕ್ಕಿತು.

ತುಕ್ಕಿನ ಮೂಲ ಎಲ್ಲಿ ಅಂತ ಹುಡುಕಿದೆ. ಬಾಗಿಲ ಕೆಳಗೆ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕದಿಂದ ಒಳಗೆ ಇಳಿದ ಮಳೆನೀರು ಅಲ್ಲಿಂದ ಹೊರಗೆ ಹೋಗಬೇಕು. ನಮ್ಮ ಗಾಡಿಯಲ್ಲಿ ಎರಡು ತೂತು ಕೆಂಪು ಮಣ್ಣು ಕಟ್ಟಿ ಸಿಮೆಂಟಿನ ಹಾಗೆ ಗಟ್ಟಿಯಾಗಿದ್ದವು. ಒಂದನ್ನು ಹಿಂದಿನ ಸಲದ ಬಣ್ಣವೇ ಮುಚ್ಚಿತ್ತು. ವೈಪರ್ ಕೆಳಗಿನ ಜಾಲರಿ ತೆಗೆದರೆ ಎರಡು ಹಿಡಿ ಸಿಲ್ವರ್ ಓಕ್ ಎಲೆ. ಕೊಳೆತು ಗೊಬ್ಬರ ಆಗಿತ್ತು. ತೋಟದಲ್ಲಿ ಗಾಡಿ ನಿಲ್ಲಿಸುವವರು ವರ್ಷಕ್ಕೊಮ್ಮೆಯಾದರೂ ಇದನ್ನು ತೆಗೆದು ನೋಡಿ. ಒದ್ದೆ ಎಲೆ ಅಲ್ಲಿ ಆರು ತಿಂಗಳು ಕೂತರೆ ಯಾವ ಬಣ್ಣವೂ ತಡೆಯೋದಿಲ್ಲ.

ಆಮೇಲೆ ಅಯಸ್ಕಾಂತ. ಒಂದು ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಗಾಡಿ ಮೇಲೆ ಎಲ್ಲ ಕಡೆ ಇಟ್ಟು ನೋಡಿದೆ. ಒಳ್ಳೆಯ ತಗಡಿದ್ದರೆ ಗಪ್ಪನೆ ಹಿಡಿಯುತ್ತದೆ. ತಗ್ಗು ತುಂಬಿಸಲು ಮೆತ್ತುವ ಪುಟ್ಟಿ ದಪ್ಪ ಇದ್ದರೆ ಜಾರಿ ಬೀಳುತ್ತದೆ. ಹಿಡಿಯದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಎಡ ಬಾಗಿಲಲ್ಲಿ ಎರಡು, ಹಿಂದಿನ ಕಮಾನಿನಲ್ಲಿ ಒಂದು, ಬಾನೆಟ್ಟಿನ ಮೂತಿಯಲ್ಲಿ ಒಂದು.

80 ನಂಬರಿನ ಉಜ್ಜುವ ಪೇಪರ್ (ನಂಬರ್ ಕಡಿಮೆ ಆದಷ್ಟೂ ಒರಟು) ಹಿಡಿದು ಎಡ ಬಾಗಿಲಿಂದ ಶುರು ಮಾಡಿದೆ. ಮೊದಲು ಬಿಳಿ ಪುಡಿ ಬಂತು. ಆಮೇಲೆ ಬೂದು. ಆಮೇಲೆ ತಿಳಿ ಗುಲಾಬಿ ಪುಡಿ. ಅದು ಪಾಲಿಯೆಸ್ಟರ್ ಪುಟ್ಟಿ. ಅದು ಮುಗಿಯಲೇ ಇಲ್ಲ. ಕೊನೆಗೆ ಒಂದು ಚಕ್ಕೆ ಕಿತ್ತು ಬಂತು. ಹೆಚ್ಚೂ ಕಡಿಮೆ 7 ಮಿಲಿಮೀಟರ್ ದಪ್ಪ. ಅದರ ಹಿಂಭಾಗ ಪೂರ್ತಿ ಕಂದು. ಅಂದರೆ ತುಕ್ಕಿನ ಮೇಲೇ ಪುಟ್ಟಿ ಮೆತ್ತಿದ್ದರು. ನಡುವೆ ಪ್ರೈಮರ್ ಇಲ್ಲ, ಏನೂ ಇಲ್ಲ. ಆ ಚಕ್ಕೆ ಕೈಯಲ್ಲಿ ಹಿಡಿದು ನನಗೆ ನಿಜವಾಗಿ ಸಂಕಟ ಆಯಿತು. ದುಡ್ಡು ಹೋದದ್ದಕ್ಕಿಂತ, ಆರು ವರ್ಷ ಒಳಗೊಳಗೇ ತಿನ್ನಲು ಬಿಟ್ಟೆವಲ್ಲಾ ಅಂತ.

ಬಾಗಿಲ ಕೆಳಗಿನ ಕೊಳೆತ ಪಟ್ಟಿಯನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಕೆಲಸ ನನ್ನ ಕೈಲಿ ಆಗದು. ಬಾಗಿಲು ಬಿಚ್ಚಿ ಚಿಕ್ಕಮಗಳೂರಿಗೆ ಒಯ್ದು ಒಬ್ಬ ಟಿಂಕರ್ ಹತ್ತಿರ ಮಾಡಿಸಿದೆ. 22 ಗೇಜಿನ ತಗಡು. ಒಂದೇ ಉಸಿರಿಗೆ ಬೆಸೆಯದೆ, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು ಮಾಡಿದರು. ಹಾಗಾಗಿ ತಗಡು ಸೊಟ್ಟ ಆಗಲಿಲ್ಲ.

ಉಜ್ಜುವ ಕೆಲಸ

ನನಗೆ ಇದನ್ನು ಕಲಿಸಿದ್ದು ಕಡೂರಿನ ಒಬ್ಬ ಪೇಂಟರ್ ಅಣ್ಣ. ನಲವತ್ತು ವರ್ಷ ಇದೇ ಕೆಲಸ ಮಾಡಿದವರು. ಎರಡು ದಿನ ಶೆಡ್ಡಿಗೆ ಬಂದು ಪಕ್ಕದಲ್ಲಿ ನಿಂತು ತೋರಿಸಿದರು. ಅವರು ಹೇಳಿದ ಮೊದಲ ಮಾತು: "ಕಣ್ಣನ್ನ ನಂಬಬೇಡಿ. ಅಂಗೈ ನಂಬಿ."

ಬೆರಳ ತುದಿಯಲ್ಲ, ಪೂರ್ತಿ ಅಂಗೈ. ಹಳೆಯ ಬನಿಯನ್ ತುಂಡನ್ನು ಕೈ ಕೆಳಗೆ ಇಟ್ಟುಕೊಂಡು, ಒತ್ತದೆ, ಉದ್ದಕ್ಕೆ ಸವರಬೇಕು. ಬಟ್ಟೆ ಇದ್ದರೆ ಕೈ ತಡೆಯದೆ ಜಾರುತ್ತದೆ, ತಗ್ಗು ಉಬ್ಬು ಚೆನ್ನಾಗಿ ಗೊತ್ತಾಗುತ್ತದೆ. ಮೊದಲ ದಿನ ನನಗೆ ಏನೂ ತಿಳಿಯಲಿಲ್ಲ. ಮೂರನೇ ದಿನ ಕಣ್ಣು ಮುಚ್ಚಿಕೊಂಡು ಸವರುವಾಗ ಬಾಗಿಲ ನಡುವೆ ಒಂದು ತಗ್ಗು ಸಿಕ್ಕಿತು. ತಟ್ಟೆಯಷ್ಟು ಅಗಲ, ಆಳ ಉಗುರಿನಷ್ಟೂ ಇಲ್ಲ. ಕಣ್ಣು ಬಿಟ್ಟು ನೋಡಿದರೆ ಕಾಣುತ್ತಿರಲಿಲ್ಲ.

ಎರಡನೇ ಪಾಠ ಅಂಚಿನದು. ಹಳೆ ಬಣ್ಣ ಚೆನ್ನಾಗಿರುವ ಜಾಗಕ್ಕೂ ಬರೀ ತಗಡಿಗೂ ನಡುವೆ ಒಂದು ಮೆಟ್ಟಿಲು ಇರುತ್ತದೆ. ಅದನ್ನು ಇಳಿಜಾರು ಮಾಡಬೇಕು. 80ರಲ್ಲಿ ಶುರು ಮಾಡಿ 120, 180, 220, ಕೊನೆಗೆ 320. ಸರಿಯಾಗಿ ಮಾಡಿದರೆ ಪದರಗಳು ಮರದ ಉಂಗುರದ ಹಾಗೆ ಕಾಣುತ್ತವೆ. ನನ್ನ ಬಾಗಿಲಲ್ಲಿ ಹೊರಗಿಂದ ಒಳಗೆ ಎಣಿಸಿದೆ: ಆರು ವರ್ಷದ ಹಿಂದಿನ ಬಿಳಿ, ಅದರ ಪ್ರೈಮರ್, 1995ರ ಕಂಪನಿ ಬಿಳಿ, ಕಂಪನಿ ಪ್ರೈಮರ್, ಆಮೇಲೆ ಹೊಳೆಯುವ ತಗಡು. ಒಂದೊಂದು ಉಂಗುರವೂ ಬೆರಳು ಅಗಲ ಬರುವ ತನಕ ಉಜ್ಜಿದೆ. ಉಗುರು ಎಳೆದರೆ ಎಲ್ಲೂ ತಡೆಯಬಾರದು. ತಡೆದರೆ ಆ ಗೆರೆ ಕೊನೆಯ ಬಣ್ಣದಲ್ಲೂ ಎದ್ದು ಕಾಣುತ್ತದೆ, ಪ್ರೈಮರ್ ಎಷ್ಟು ದಪ್ಪ ಹೊಡೆದರೂ ಅಷ್ಟೇ.

80ರಿಂದ ನೇರ 320ಕ್ಕೆ ಹಾರುವ ಆಸೆ ಆಗುತ್ತದೆ. ಹಾರಬೇಡಿ. 80ರ ಗೀರು ಆಳ. 320 ಅದರ ತುದಿಯನ್ನಷ್ಟೇ ಸವೆಸುತ್ತದೆ, ಬುಡ ಹಾಗೇ ಉಳಿಯುತ್ತದೆ. ಪ್ರೈಮರ್ ಆರುತ್ತಾ ಕುಗ್ಗುವಾಗ ಆ ಗೀರು ಮತ್ತೆ ಮೇಲೆ ಬರುತ್ತದೆ, ಕೆಲವೊಮ್ಮೆ ತಿಂಗಳಾದ ಮೇಲೆ.

ಪೇಪರನ್ನು ಬೆರಳಲ್ಲಿ ಒತ್ತಿ ಉಜ್ಜಿದರೆ ಬೆರಳಿನ ಅಗಲಕ್ಕೆ ಕಾಲುವೆ ಬೀಳುತ್ತದೆ. ಚಪ್ಪಟೆ ಜಾಗಕ್ಕೆ ಒಂದಡಿ ಉದ್ದದ ಮರದ ತುಂಡು ಮಾಡಿಕೊಂಡೆ. ಕಮಾನಿಗೆ, ಬಾಗಿದ ಜಾಗಕ್ಕೆ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿಕೊಂಡೆ. ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬಾಗುತ್ತದೆ, ಆದರೆ ಬೆರಳ ಹಾಗೆ ಚುಚ್ಚುವುದಿಲ್ಲ. ಕೈ ಓಡಿಸೋದು ಅಡ್ಡಡ್ಡ, ಒಮ್ಮೆ ಈ ಕಡೆಯ ಮೂಲೆಯಿಂದ, ಒಮ್ಮೆ ಆ ಕಡೆಯ ಮೂಲೆಯಿಂದ.

ಇಲ್ಲಿ ಪೇಂಟರ್ ಅಣ್ಣನಿಗೂ ನನಗೂ ಒಂದು ವಿಷಯದಲ್ಲಿ ಮಾತು ಹೊಂದಲಿಲ್ಲ. ಅವರದು ಬಕೆಟ್ ನೀರು, ವಾಟರ್ ಪೇಪರ್. ನೀರು ಹಾಕಿ ಉಜ್ಜಿದರೆ ಧೂಳಿಲ್ಲ, ಪೇಪರ್ ಬಾಳಿಕೆ ಬರುತ್ತದೆ. ಕಡೂರಿನಲ್ಲಿ ಅದು ನಡೆಯುತ್ತದೆ. ಅಲ್ಲಿ ಬಿಸಿಲು ಜಾಸ್ತಿ, ಗಾಳಿ ಒಣ, ತಗಡು ಎರಡು ದಿನ ಬರಿದಾಗಿದ್ದರೂ ಏನೂ ಆಗೋದಿಲ್ಲ ಅಂತಾರೆ. ಆಲ್ದೂರಿಗೂ ಕಡೂರಿಗೂ ಜಿಲ್ಲೆ ಒಂದೇ, ಆದರೆ ಹವೆ ಬೇರೆ. ಪಾಲಿಯೆಸ್ಟರ್ ಪುಟ್ಟಿಯಲ್ಲಿ ಟಾಲ್ಕ್ ಪುಡಿ ಇರುತ್ತದೆ. ಅದು ನೀರು ಹೀರಿ ಒಳಗೆ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಬಣ್ಣ ಬಿದ್ದರೆ ಆ ನೀರು ತಗಡಿನ ಕಡೆಗೇ ಹೋಗುತ್ತದೆ. ನಾನು ಗಾಡಿ ಪೂರ್ತಿ ನೀರಿಲ್ಲದೆಯೇ ಉಜ್ಜಿದೆ. ಧೂಳು ಬಹಳ ಬಂತು, ಪೇಪರ್ ಎರಡರಷ್ಟು ಹೋಯಿತು. ಮಾಸ್ಕ್ ಹಾಕಿಕೊಂಡೆ. ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ.

ಮೊದಲು ಎಪಾಕ್ಸಿ

ಪ್ರೈಮರ್ ಅಂದರೆ ಎಲ್ಲ ಒಂದೇ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಅಂಗಡಿಯಲ್ಲಿ ಸುಮ್ನೆ ಪ್ರೈಮರ್ ಕೊಡಿ ಅಂದರೆ ಥಿನ್ನರ್ ಬೆರೆಸಿ ಹೊಡೆಯುವ ಬೂದು ಪ್ರೈಮರ್ ಕೊಡುತ್ತಾರೆ. ಅದು ಬೇಗ ಆರುತ್ತದೆ, ಸುಲಭವಾಗಿ ಉಜ್ಜಬಹುದು. ಆದರೆ ಅದರಲ್ಲಿ ಸಣ್ಣ ಸಣ್ಣ ರಂಧ್ರ. ಮಂಜಿನ ನೀರು ಕೂಡ ಅದರೊಳಗೆ ಇಳಿಯುತ್ತದೆ. ಬೂದು ಪ್ರೈಮರ್ ಹೊಡೆದು ತಿಂಗಳುಗಟ್ಟಲೆ ಹೊರಗೆ ನಿಂತ ಜೀಪುಗಳನ್ನು ನಮ್ಮ ಕಡೆ ಬೇಕಾದಷ್ಟು ನೋಡಬಹುದು. ಮೇಲೆ ಬೂದು ಹಾಗೇ ಇರುತ್ತದೆ, ಕೆಳಗೆ ತುಕ್ಕು ಹಬ್ಬುತ್ತಿರುತ್ತದೆ.

ನೀರು ತಡೆಯೋದು ಎಪಾಕ್ಸಿ ಪ್ರೈಮರ್. ಎರಡು ಡಬ್ಬಿ ಬರುತ್ತದೆ, ಒಂದು ಪ್ರೈಮರ್, ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡನರ್. ಅಳತೆ ಡಬ್ಬಿಯ ಮೇಲೆ ಬರೆದಂತೆಯೇ ಹಾಕಬೇಕು, ಅಂದಾಜಲ್ಲ. ಇದನ್ನು ಬರೀ ತಗಡಿನ ಮೇಲೆ ಮೊದಲು ಹೊಡೆದು, ಅದರ ಮೇಲೆ ಪುಟ್ಟಿ ಹಾಕಿದೆ. ಪುಟ್ಟಿಯಲ್ಲಿ ನೀರು ಸೇರಿದರೂ ತಗಡು ಮುಟ್ಟಲು ನಡುವೆ ಒಂದು ಗೋಡೆ ಇರುತ್ತದೆ. ಕಿತ್ತು ಬಂದ ಆ ಚಕ್ಕೆಯಲ್ಲಿ ಇಲ್ಲದೆ ಹೋಗಿದ್ದು ಇದೇ. ತಗಡು ತೀರಾ ನುಣುಪಾಗಿದ್ದರೆ ಎಪಾಕ್ಸಿ ಹಿಡಿಯೋದಿಲ್ಲ, ಹಾಗಾಗಿ ತಗಡಿನ ಮೇಲೆ 120ಕ್ಕೇ ನಿಲ್ಲಿಸಿದೆ.

ಸಮಯ ಬಹಳ ಮುಖ್ಯ. ಫೆಬ್ರವರಿಯಲ್ಲೂ ನಮ್ಮಲ್ಲಿ ಬೆಳಿಗ್ಗೆ ಇಬ್ಬನಿ. ತೇವ ಅಳೆಯುವ ಒಂದು ಸಣ್ಣ ಮೀಟರ್ ಶೆಡ್ಡಿನಲ್ಲಿ ನೇತು ಹಾಕಿದ್ದೆ. ಬೆಳಿಗ್ಗೆ ಏಳಕ್ಕೆ ಶೇಕಡಾ 90ರ ಹತ್ತಿರ, ಮಧ್ಯಾಹ್ನ ಎರಡಕ್ಕೆ 45. ಹತ್ತು ಗಂಟೆಗೆ ಬಿಸಿಲು ಬಂದರೂ ಶೆಡ್ಡಿನೊಳಗಿನ ತಗಡು ತಣ್ಣಗೇ ಇರುತ್ತದೆ. ತಣ್ಣನೆಯ ತಗಡಿನ ಮೇಲೆ ಕಣ್ಣಿಗೆ ಕಾಣದ ಹಾಗೆ ತೇವ ಕೂರುತ್ತದೆ. ಹನ್ನೊಂದೂವರೆಯಿಂದ ಮೂರೂವರೆ, ಇಷ್ಟೇ ನನ್ನ ಹೊತ್ತು. ಸಂಜೆ ಹೊಡೆದರೆ ರಾತ್ರಿ ಚಳಿಗೆ ಎಪಾಕ್ಸಿ ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ.

ಬಣ್ಣ ಹೊಡೆಯುವ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿದಾಗ ಅರ್ಧ ಚೊಂಬು ನೀರು ಬಂತು. ಗಾಳಿಯಲ್ಲಿರುವ ತೇವವೇ ಒಳಗೆ ನೀರಾಗಿರುತ್ತದೆ. ಪ್ರತಿ ಸಲ ಗನ್ ಹಿಡಿಯುವ ಮುಂಚೆ ಅದನ್ನು ಖಾಲಿ ಮಾಡಿ. ಪೈಪಿಗೆ ನೀರು ಹಿಡಿದು ನಿಲ್ಲಿಸುವ ವಾಟರ್ ಟ್ರ್ಯಾಪ್ ಹಾಕದೆ ಮಲೆನಾಡಿನಲ್ಲಿ ಗನ್ ಮುಟ್ಟಲೇಬೇಡಿ.

ಹೊಡೆಯುವ ಮುಂಚೆ ಎರಡು ಬಟ್ಟೆಯಲ್ಲಿ ಒರೆಸಬೇಕು. ಒಂದರಲ್ಲಿ ಗ್ರೀಸ್ ತೆಗೆಯುವ ದ್ರವ, ಅದು ಆರುವ ಮೊದಲೇ ಒಣ ಬಟ್ಟೆಯಲ್ಲಿ ಒರೆಸು. ಒಂದೇ ಬಟ್ಟೆಯಾದರೆ ಜಿಡ್ಡು ಜಾಗ ಬದಲಾಯಿಸುತ್ತದೆ ಅಷ್ಟೇ. ಬಲ ಬಾಗಿಲು ಒರೆಸಿ ಮುಗಿಸಿದ್ದೆ. ಅಮ್ಮ ಕಾಫಿ ತಂದುಕೊಟ್ಟು, "ಬಿಸಿಲಲ್ಲಿ ಎಷ್ಟು ಹೊತ್ತು ಮಾರಾಯ" ಅಂತ ಬಾಗಿಲಿಗೆ ಕೈ ಊರಿ ಒಂದು ಗಳಿಗೆ ನಿಂತರು. ಆಗ ತಾನೇ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದರು. ನಾನು ಗಮನಿಸಲಿಲ್ಲ. ಪ್ರೈಮರ್ ಬಿದ್ದ ಕೂಡಲೇ ನಾಲ್ಕು ಬೆರಳು ಸ್ಪಷ್ಟವಾಗಿ ಮೂಡಿದವು. ಬೆರಳು ಇದ್ದ ಜಾಗದಲ್ಲಿ ಪ್ರೈಮರ್ ಹಿಂದೆ ಸರಿದು ಸಣ್ಣ ಸಣ್ಣ ಕುಳಿ ಬಿತ್ತು. ಆ ಜಾಗ ಆರಲು ಬಿಟ್ಟು, ಉಜ್ಜಿ, ಮತ್ತೆ ಒರೆಸಿ, ಮತ್ತೆ ಹೊಡೆದೆ.

ಪುಟ್ಟಿ ಮಾರನೇ ದಿನ. ಎಪಾಕ್ಸಿಯನ್ನು 180ರಲ್ಲಿ ಮೇಲೆ ಮೇಲೆ ಉಜ್ಜಿ ಹಾಕಿದೆ. ನಿಂಬೆಹಣ್ಣಿನ ಗಾತ್ರದ ಪುಟ್ಟಿ, ಅದಕ್ಕೆ ಅವರೆಕಾಳಿನಷ್ಟು ಕೆಂಪು ಹಾರ್ಡನರ್. ತೂಕದಲ್ಲಿ ಹೇಳಬೇಕೆಂದರೆ 100 ಗ್ರಾಂಗೆ 2 ಗ್ರಾಂ. ಬೇಗ ಆರಲಿ ಅಂತ ಜಾಸ್ತಿ ಹಾಕಿದರೆ ಆ ಕೆಂಪು ಮುಂದೆ ಬಿಳಿ ಬಣ್ಣದಲ್ಲಿ ಕಲೆಯಾಗಿ ಏಳುತ್ತದೆ. ಬಿಳಿ ಗಾಡಿಗೆ ಇದು ದೊಡ್ಡ ಅಪಾಯ. ರಟ್ಟಿನ ಮೇಲೆ ಕಲಸಬೇಡಿ, ರಟ್ಟು ಅದರ ಅಂಟನ್ನು ಹೀರುತ್ತದೆ. ನಾನು ಹಳೆ ಕಿಟಕಿ ಗಾಜಿನ ಮೇಲೆ ಕಲಸಿದೆ. ಮೊಟ್ಟೆ ಕದಡಿದ ಹಾಗೆ ಅಲ್ಲ, ಮಡಚಿ ಒತ್ತಿ, ಮಡಚಿ ಒತ್ತಿ. ಇಲ್ಲದಿದ್ದರೆ ಗಾಳಿ ಸೇರಿ ಸೂಜಿಮೊನೆಯ ತೂತು ಬೀಳುತ್ತವೆ. ಕೆಂಪು ಎಳೆ ಎಲ್ಲ ಮಾಯವಾಗಿ ಒಂದೇ ಬಣ್ಣ ಬಂದರೆ ಹದ. ಅಲ್ಲಿಂದ ನಾಲ್ಕೈದು ನಿಮಿಷ ಸಿಗುತ್ತದೆ, ಅಷ್ಟರಲ್ಲಿ ಹಚ್ಚಿ ಮುಗಿಸಬೇಕು. ಮೊದಲ ಪದರ ಬಲವಾಗಿ ಒತ್ತಿ ತೆಳ್ಳಗೆ, ಎರಡನೆಯದು ತುಂಬಿಸಲು. ಎಲ್ಲೂ 3 ಮಿಲಿಮೀಟರ್ ದಾಟಿಸಲಿಲ್ಲ. ಅದಕ್ಕಿಂತ ಆಳ ಇದ್ದರೆ ತಗಡನ್ನೇ ಬಡಿದು ಎತ್ತಬೇಕು.

ಮಾರ್ಚ್ ಮೊದಲ ವಾರ, ಹೂಮಳೆ

ಆ ದಿನ ಬಾನೆಟ್ ಕೆಲಸ. ಹಳೆ ಬಣ್ಣ ಬಿರುಕು ಬಿಟ್ಟಿತ್ತು, ಪೂರ್ತಿ ತಗಡಿನ ತನಕ ಉಜ್ಜಿದೆ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ದು ಮುಗಿದಾಗ ಎರಡೂವರೆ. ಒರೆಸಿ, ಎಪಾಕ್ಸಿ ಕಲಸಲು ಡಬ್ಬಿ ತೆರೆದೆ. ಕರೆಂಟ್ ಹೋಯಿತು. ಕಂಪ್ರೆಸರ್ ಇಲ್ಲ. ಬರುತ್ತೆ ಅಂತ ಕಾದೆ. ನಾಲ್ಕಕ್ಕೆ ಗುಡುಗು. ಐದಕ್ಕೆ ಮಳೆ, ಗಾಳಿಗೆ ಶೆಡ್ಡಿನ ಒಳಗೂ ಎರಚಲು.

ಅಪ್ಪ ಜಗಲಿಯಲ್ಲಿ ನಿಂತು ಮಳೆಮಾಪಕದ ಕಡೆಯೇ ನೋಡುತ್ತಿದ್ದರು. ಒಂದಿಂಚು ಬಿತ್ತು. ರೊಬಸ್ಟಾ ಕಾಫಿಗೆ ಇದಕ್ಕಿಂತ ಒಳ್ಳೆಯ ಮಳೆ ಬೇಕಿಲ್ಲ, ಎಂಟು ಹತ್ತು ದಿನದಲ್ಲಿ ತೋಟ ಬೆಳ್ಳಗೆ ಹೂ ಬಿಡುತ್ತದೆ. ಅವರ ಮುಖ ನೋಡಿ ನನಗೂ ಖುಷಿ ಆಯಿತು. ಆದರೆ ಬಾನೆಟ್ ನೆನಪಾದಾಗ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತಿತ್ತು. ಟಾರ್ಪಾಲ್ ಹೊದಿಸಿದ್ದೆ. ಪ್ರಯೋಜನ ಆಗಲಿಲ್ಲ, ಕೆಳಗೆ ತೇವ ಕಟ್ಟಿಕೊಂಡಿತು.

ಬೆಳಿಗ್ಗೆ ತೆಗೆದು ನೋಡಿದರೆ ಬಾನೆಟ್ ಪೂರ್ತಿ ತೆಳ್ಳಗೆ ಕಿತ್ತಳೆ ಬಣ್ಣ. ಅಂಗೈ ಸವರಿದರೆ ಅಂಗೈಗೆ ಅಂಟಿತು. ಒಂದೇ ರಾತ್ರಿ. ಕಡೂರಿನ ಲೆಕ್ಕ ಆಲ್ದೂರಿಗೆ ನಡೆಯೋದಿಲ್ಲ ಅಂತ ಅವತ್ತು ಕಣ್ಣಾರೆ ಕಂಡೆ.

ತಪ್ಪು ಮಳೆಯದಲ್ಲ, ನನ್ನದು. ಅಷ್ಟಗಲ ತಗಡನ್ನು ಒಂದೇ ಸಲ ಬರಿದು ಮಾಡಬಾರದಿತ್ತು. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ. ಮಧ್ಯಾಹ್ನ ಒಂದು ಗಂಟೆ ಒಳಗೆ ಎಪಾಕ್ಸಿಯಲ್ಲಿ ಎಷ್ಟು ಮುಚ್ಚಲು ಆಗುತ್ತದೋ ಅಷ್ಟನ್ನೇ ಬರಿದು ಮಾಡೋದು. ಅರ್ಧ ಬಾನೆಟ್ಟಾದರೆ ಅರ್ಧವೇ. ಕರೆಂಟ್ ಇಲ್ಲದಿದ್ದರೆ ಬ್ರಷ್ಷಿನಲ್ಲಾದರೂ ಎಪಾಕ್ಸಿ ಹಚ್ಚಿಬಿಡೋದು. ಬ್ರಷ್ ಗೆರೆ ಆಮೇಲೆ ಉಜ್ಜಿಕೊಳ್ಳಬಹುದು. ಆ ದಿನ ಇದು ಹೊಳೆಯಲೇ ಇಲ್ಲ.

ಬಾನೆಟ್ಟನ್ನು 120ರಲ್ಲಿ ಮತ್ತೆ ಉಜ್ಜಿದೆ. ಮೂತಿಯ ಹತ್ತಿರ ಹಳೆ ತುಕ್ಕಿನ ಸಣ್ಣ ಗುಳಿಗಳಿದ್ದವು, ಅಲ್ಲಿಗೆ ಪೇಪರ್ ಇಳಿಯೋದಿಲ್ಲ. ಫಾಸ್ಫಾರಿಕ್ ಆಮ್ಲ ಇರುವ ತುಕ್ಕು ತೆಗೆಯುವ ದ್ರವ ಹಚ್ಚಿ, ನೀರಿನಲ್ಲಿ ಚೆನ್ನಾಗಿ ತೊಳೆದು, ಹೀಟ್ ಗನ್ನಿನಿಂದ ಒಣಗಿಸಿದೆ. ತೊಳೆಯದೆ ಬಿಟ್ಟರೆ ಆಮ್ಲದ ಮೇಲೆ ಎಪಾಕ್ಸಿ ಹಿಡಿಯೋದಿಲ್ಲ. ಇಡೀ ಕೆಲಸದಲ್ಲಿ ನಾನೇ ಗಾಡಿ ಮೇಲೆ ನೀರು ಹಾಕಿದ್ದು ಅದೊಂದೇ ಸಲ. ಹನ್ನೆರಡೂಮುಕ್ಕಾಲಿಗೆ ಎಪಾಕ್ಸಿ ಬಿದ್ದಿತ್ತು.

ಎರಡನೇ ಪ್ರೈಮರ್

ಎಪಾಕ್ಸಿ ತಡೆಯುತ್ತದೆ, ಆದರೆ ತುಂಬಿಸೋದಿಲ್ಲ. ಸಣ್ಣ ಗೀರು ತುಂಬಿಸಿ ಸಮ ಮಾಡಲು 2ಕೆ ಪಿಯು ಸರ್ಫೇಸರ್, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಪ್ರೈಮರ್. ಗನ್ನಿಗೆ 1.7 ಮಿಲಿಮೀಟರ್ ತೂತಿನ ನಾಜಲ್, ಗನ್ನಿಗೂ ತಗಡಿಗೂ ಒಂದು ಗೇಣಿಗಿಂತ ಕಡಿಮೆ ಅಂತರ, ಒಂದು ಪಟ್ಟೆಯ ಅರ್ಧದ ಮೇಲೆ ಇನ್ನೊಂದು ಪಟ್ಟೆ. ಮೂರು ಕೋಟು, ನಡುವೆ ಹತ್ತು ಹತ್ತು ನಿಮಿಷ. ಮೊದಲನೆಯದು ಹೊಳಪು ಕಳೆದುಕೊಂಡ ಮೇಲೇ ಎರಡನೆಯದು. ಅವಸರ ಮಾಡಿದರೆ ಕೆಳಗಿನ ಥಿನ್ನರ್ ಹೊರಬರಲು ಜಾಗ ಸಿಗದೆ ಗುಳ್ಳೆ ಒಡೆಯುತ್ತದೆ.

ಮಾಸ್ಕ್ ವಿಷಯ ಇಲ್ಲಿ ಹೇಳಲೇಬೇಕು. ಈ 2ಕೆ ಪಿಯು ಹಾರ್ಡನರಿನಲ್ಲಿ ಐಸೋಸಯನೇಟ್ ಅನ್ನೋ ರಾಸಾಯನಿಕ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ತರಬಲ್ಲದು, ಒಮ್ಮೆ ಅದು ದೇಹಕ್ಕೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ತಗುಲಿದರೂ ಸಾಕು, ಮತ್ತೆ ದಮ್ಮು ಬರುತ್ತದೆ. ವಾಸನೆಯಿಂದ ಗೊತ್ತಾಗೋದಿಲ್ಲ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಧೂಳು ನಿಲ್ಲುತ್ತದೆ, ಇದು ನಿಲ್ಲೋದಿಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಖವಾಡವೇ ಸರಿಯಾದದ್ದು. ಕಡೂರಿನ ಅಣ್ಣ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು ಬಂದು ಕೂರುತ್ತಾರೆ. ನಾನು ಗನ್ ಹಿಡಿದಾಗ ಅವರು ತಾವಾಗಿಯೇ ಕಣದ ಆ ತುದಿಗೆ ಹೋಗಿ ನಿಂತರು. ಆ ಮುಖವಾಡವನ್ನು ಬಾಡಿಗೆಗೆ ತಂದಿದ್ದೆ. ಆ ದುಡ್ಡಿನ ಬಗ್ಗೆ ನನಗೆ ಎರಡನೇ ಯೋಚನೆ ಇಲ್ಲ.

ಎರಡು ದಿನ ಆರಲು ಬಿಟ್ಟು, ಕಪ್ಪು ಸ್ಪ್ರೇ ಡಬ್ಬಿಯಿಂದ ಗಾಡಿ ಮೇಲೆ ದೂರದಿಂದ ತೆಳ್ಳಗೆ ಚಿಮುಕಿಸಿದೆ. ಇದನ್ನು ಗೈಡ್ ಕೋಟ್ ಅಂತಾರೆ. ಆಮೇಲೆ ಮರದ ತುಂಡಿಗೆ 320 ಸುತ್ತಿ ಉಜ್ಜಿದೆ. ಎತ್ತರದ ಜಾಗದಲ್ಲಿ ಕಪ್ಪು ಮೊದಲು ಹೋಗುತ್ತದೆ. ತಗ್ಗಿನಲ್ಲಿ ಉಳಿಯುತ್ತದೆ. ಮೂರನೇ ದಿನ ನನ್ನ ಅಂಗೈಗೆ ಸಿಕ್ಕಿದ್ದ ತಟ್ಟೆಯಂಥ ತಗ್ಗು ಎಡ ಬಾಗಿಲಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ಕಪ್ಪು ಚಂದ್ರನ ಹಾಗೆ ಎದ್ದು ಕಂಡಿತು. ಅಲ್ಲಿಗೆ ಇನ್ನೆರಡು ಕೋಟು. ಆಮೇಲೆ 400, ಕೊನೆಗೆ 600, ಎಲ್ಲವೂ ನೀರಿಲ್ಲದೆಯೇ. ಅಂಚುಗಳ ಮೇಲೆ ತುಂಡು ಓಡಿಸಲಿಲ್ಲ, ಅಲ್ಲಿ ಎರಡು ಸಲ ಎಳೆದರೆ ತಗಡು ಕಾಣುತ್ತದೆ. ಬಾಗಿಲ ಅಂಚಿನಲ್ಲಿ ಒಂದು ಕಡೆ ಕಂಡೇಬಿಟ್ಟಿತು. ಕೂಡಲೇ ಎಪಾಕ್ಸಿ ಹಚ್ಚಿದೆ.

ಮಾರ್ಚ್ ಕೊನೆ

ಈಗ ಗಾಡಿ ಪೂರ್ತಿ ಬೂದು. ಸಾಮಾನಿಗೆ 14,000 ಚಿಲ್ಲರೆ ಆಯಿತು, ಟಿಂಕರ್ ಕೂಲಿ ಬೇರೆ. ಬಾಗಿಲ ತೂತುಗಳನ್ನೆಲ್ಲ ತಂತಿ ಹಾಕಿ ಮತ್ತೆ ಬಿಡಿಸಿದೆ, ಪ್ರೈಮರ್ ಎರಡನ್ನು ಮುಚ್ಚಿತ್ತು. ಬಣ್ಣ ಒಣಗಿದ ಮೇಲೆ ಬಾಗಿಲ ಒಳಗೆ ಮೇಣದ ಸ್ಪ್ರೇ ಹೊಡೆಯುತ್ತೇನೆ. ಬಣ್ಣ ಅದೇ ಬಿಳಿ. ಬೇರೆ ಬಣ್ಣವಾದರೆ ಆರ್‌ಸಿಯಲ್ಲೂ ಬದಲಾಯಿಸಬೇಕು, ಅಲ್ಲದೆ ಅಪ್ಪನಿಗೆ ಬಿಳಿಯೇ ಬೇಕು.

ಅಪ್ಪ ನಿನ್ನೆ ಶೆಡ್ಡಿಗೆ ಬಂದರು. ಒಣಗಿದ ಕಾಫಿಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ, ಗಲಗಲ ಸದ್ದು ಕೇಳಿ, ಇನ್ನೊಂದು ಬಿಸಿಲು ಬೇಕು ಅಂತ ಹೇಳುವ ಕೈ ಅದು. ಏನೂ ಮಾತಾಡದೆ ಮುಂದಿನ ಕಮಾನಿನಿಂದ ಹಿಂದಿನ ತನಕ ನಿಧಾನವಾಗಿ ಸವರಿಕೊಂಡು ಹೋದರು. ಹಿಂದಿನ ಲೈಟಿನ ಕೆಳಗೆ ಕೈ ನಿಂತಿತು.

"ಇಲ್ಲೊಂದು ತಗ್ಗು ಉಂಟಲ್ಲ, ನೋಡು."

ನನಗೆ ಕಾಣಲಿಲ್ಲ. ನನ್ನ ಕೈಗೂ ಸಿಗಲಿಲ್ಲ. ಕಪ್ಪು ಚಿಮುಕಿಸಿ 600ರಲ್ಲಿ ಎರಡು ಸಲ ಎಳೆದೆ. ಎಂಟಾಣೆಯಷ್ಟು ಅಗಲದ ಕಪ್ಪು ಉಳಿಯಿತು. ನಾಳೆ ಹನ್ನೊಂದೂವರೆಗೆ ಅಲ್ಲಿಗೆ ಎರಡು ಕೋಟು ಸರ್ಫೇಸರ್ ಹೊಡೆದು, ಅದು ಆರಿ ಉಜ್ಜಿದ ಮೇಲೆ ಬಣ್ಣದ ಡಬ್ಬಿ ತೆಗೆಯುತ್ತೇನೆ.